ಅಕ್ಕನ ಮೆಡಿಟರೇನಿಯನ್ ಫೈಲು

ಹೋದ ತಿಂಗಳು ನಮ್ಮ ಆಫೀಸಿನ ಅಕ್ಕ ಕೆಲಸ ಬಿಟ್ಟು ಊರಿಗೆ ಹೊರಟರು. ಬರ್ ದುಬೈಯ ಒಂದು ಹೋಟೆಲಿನ ಮಹಡಿಯಲ್ಲಿ ಮೀನೂಟ ಹಾಕಿಸಿ ಬೀಳ್ಕೊಟ್ಟೆವು. ಮಾತಾಡುವವರಿಗೆಲ್ಲ ಎರಡೆರಡು ನಿಮಿಷ. ನನ್ನ ಸರದಿ ಬಂದಾಗ ಅವರ ಸಮಯಪಾಲನೆ, ಶಿಸ್ತು ಎಂದು ಏನೋ ಒದರಿ ಕೂತುಬಿಟ್ಟೆ. ಕೂತ ಮೇಲೆ ನನಗೇ ನಾಚಿಕೆಯಾಯಿತು. ಸಮಯಪಾಲನೆ ಗೋಡೆಯ ಗಡಿಯಾರಕ್ಕೂ ಇರುತ್ತದೆ. ಅಕ್ಕನ ಬಗ್ಗೆ ನಾನು ಹೇಳಬೇಕಾಗಿದ್ದದ್ದು ಆ ಹಾಯಿದೋಣಿಯ ಕತೆ. ಅದು ಎರಡು ನಿಮಿಷದಲ್ಲಿ ಮುಗಿಯುವಂಥದ್ದಲ್ಲ; ಅಲ್ಲದೆ ಸಾಹೇಬರ ಭಾವ ಎದುರಿಗೇ ಕೂತು ಬಂಗುಡೆಯ ಮುಳ್ಳು ಬಿಡಿಸುತ್ತಿದ್ದರು.

ನಮ್ಮದು ಹೋಟೆಲುಗಳಿಗೆ ಟವೆಲ್ಲು, ಬೆಡ್‌ಶೀಟು, ದಿಂಬಿನ ಕವರು ಪೂರೈಸುವ ಕಂಪನಿ. ಯಜಮಾನರು ಭಟ್ಕಳದವರು. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಅಕ್ಕ ಮಲ್ಪೆ ಕಡೆಯವರು. ವೀಸಾದಲ್ಲಿ ಅವರ ಹುದ್ದೆ ಸೆಕ್ರೆಟರಿ ಎಂದಿತ್ತು. ಆದರೆ ಯಾರ ವೀಸಾ ಯಾವಾಗ ಮುಗಿಯುತ್ತದೆ, ಯಾರ ಹೆಂಡತಿಗೆ ಹೆರಿಗೆ ಎಂದು, ಚಹಾಕ್ಕೆ ಸಕ್ಕರೆ ಎಷ್ಟು ಉಳಿದಿದೆ, ಇದೆಲ್ಲ ಗೊತ್ತಿದ್ದದ್ದು ಅವರೊಬ್ಬರಿಗೇ. ಸಾಹೇಬರು ಅವರಿಗಿಂತ ಹದಿನೈದು ವರ್ಷ ದೊಡ್ಡವರು. ಅವರೂ ಅಕ್ಕ ಎಂದೇ ಕರೆಯುತ್ತಿದ್ದರು. ಏಸಿಯ ಚಳಿಗೆ ಅಕ್ಕ ಚೂಡಿದಾರದ ಮೇಲೆ ವರ್ಷವಿಡೀ ಒಂದು ಕಂದು ಸ್ವೆಟರು ಹಾಕುತ್ತಿದ್ದರು. ಸಿಟ್ಟು ಬಂದರೆ ಕನ್ನಡಕವನ್ನು ಹಣೆಯ ಮೇಲಕ್ಕೇರಿಸುತ್ತಿದ್ದರು. ಕನ್ನಡಕ ಮೇಲೇರಿತೆಂದರೆ ಸಾಹೇಬರು ಕೂಡ ತಮ್ಮ ಕೋಣೆಯ ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ದೂಡಿಕೊಳ್ಳುತ್ತಿದ್ದರು.

ಸಾಹೇಬರಿಗೆ ಅರವತ್ತು ತುಂಬಿದ ವರ್ಷ ಈ ಹುಚ್ಚು ಹತ್ತಿದ್ದು. ಯಾವುದೋ ಔತಣದಲ್ಲಿ ಒಬ್ಬ ಗಿರಾಕಿ ತನ್ನ ಹಾಯಿದೋಣಿಯ ಫೋಟೋ ತೋರಿಸಿದನಂತೆ. ಮರುದಿನ ಬೆಳಿಗ್ಗೆ ಸಾಹೇಬರು ನಮ್ಮನ್ನೆಲ್ಲ ಕೂರಿಸಿಕೊಂಡು, ತಮ್ಮ ಅಜ್ಜನ ಅಜ್ಜಂದಿರು ಹಾಯಿ ಕಟ್ಟಿ ಅರಬಸ್ತಾನದಿಂದ ಕುದುರೆ ತಂದವರು, ತಾನಾದರೋ ಸರ್ವಿಸ್ ಲಿಫ್ಟಿನಲ್ಲಿ ಟವೆಲ್ಲು ಏರಿಸಿ ಇಳಿಸಿಯೇ ಮುದುಕನಾದೆ ಎಂದು ಬೇಸರಪಟ್ಟರು. ಎರಡು ತಿಂಗಳಲ್ಲಿ ಟರ್ಕಿಯಲ್ಲಿ ಒಂದು ಹಳೆಯ ಹಾಯಿದೋಣಿ ಕೊಂಡೇಬಿಟ್ಟರು. ಉದ್ದ ಹನ್ನೊಂದು ಮೀಟರು. ಟರ್ಕಿಯಿಂದ ಹೊರಟು ಅಲ್ಲಲ್ಲಿ ನಿಲ್ಲುತ್ತ ಸ್ಪೇನಿನ ತನಕ ಹೋಗುವುದು. ದೋಣಿಯ ಜೊತೆಗೇ ಬಂದ ಒಬ್ಬ ಟರ್ಕಿಯ ಕಪ್ತಾನ ನಡೆಸುತ್ತಾನೆ. ಸಾಹೇಬರು, ಭಾವ, ಮತ್ತೆ ಕೈಕೆಲಸಕ್ಕೆ ಒಬ್ಬ.

“ಅಕ್ಕ, ಮೆಡಿಟರೇನಿಯನ್ನಿಗೆ ಒಂದು ಪ್ಲಾನ್ ಮಾಡಿ” ಎಂದರು ಸಾಹೇಬರು.

ಸ್ಟಾಫ್ ಪಿಕ್‌ನಿಕ್ಕಿಗೆ ಖೋರ್‌ಫಕ್ಕಾನಿಗೆ ಹೋಗುವಾಗ ಕೇಳಿದ್ದನ್ನೇ ಅಕ್ಕ ಆಗಲೂ ಕೇಳಿದರು. “ಎಷ್ಟು ಜನ? ಊಟ ಎಲ್ಲಿ?”

ಮರುದಿನವೇ ಪ್ಯಾಂಟ್ರಿಯಲ್ಲಿ ಚಹಾ ಮೆಷಿನ್ನಿನ ಮೇಲೆ ಮೆಡಿಟರೇನಿಯನ್ನಿನ ದೊಡ್ಡ ನಕ್ಷೆ ಬಂತು. ಅಕ್ಕನ ದೃಷ್ಟಿಯಲ್ಲಿ ಅದು ಸಮುದ್ರವಲ್ಲ, ಉಡುಪಿಯಿಂದ ಮುಂಬಯಿಗೆ ಹೋಗುವ ಬಸ್ಸಿನ ದಾರಿ. ಚಿಕ್ಕಂದಿನಲ್ಲಿ ಎಷ್ಟೋ ಸಲ ಆ ಬಸ್ಸಿನಲ್ಲಿ ಹೋದವರು. ಬಸ್ಸು ಎಲ್ಲಿ ಊಟಕ್ಕೆ ನಿಲ್ಲುತ್ತದೆ, ಎಲ್ಲಿ ಹೆಂಗಸರಿಗೆ ಹೋಗುವಂಥ ಬಚ್ಚಲು ಇದೆ, ಎಲ್ಲಿ ಚಾಲಕ ಬದಲಾಗುತ್ತಾನೆ, ಈ ಮೂರು ಗೊತ್ತಿದ್ದರೆ ಲೋಕದ ಯಾವ ಪ್ರಯಾಣವನ್ನೂ ಮಾಡಬಹುದು ಎಂಬುದು ಅವರ ಸಿದ್ಧಾಂತ. ರೋಡ್ಸ್ ದ್ವೀಪ ತಿಂಡಿಗೆ, ಕ್ರೀಟ್ ಊಟಕ್ಕೆ ಎಂದು ಗುರುತು ಹಾಕಿದರು. ಗ್ರೀಸ್ ದಾಟಿ ಸಿಸಿಲಿ ಸಿಗುವ ತನಕ ಎರಡೂವರೆ ದಿನ ಬರೀ ನೀರು ಎಂದು ಗೊತ್ತಾದಾಗ ಅವರ ಕನ್ನಡಕ ಮೇಲೇರಿತು. ನಡುವೆ ಒಂದಾದರೂ ಸ್ಟಾಪು ಇರಲೇಬೇಕು, ಸರಿಯಾಗಿ ನೋಡಿ ಎಂದು ಟರ್ಕಿಯ ಕಪ್ತಾನನಿಗೆ ಮೂರು ಸಲ ಫೋನು ಮಾಡಿದರು. ಇಲ್ಲವೇ ಇಲ್ಲ ಎಂದ ಅವನು. ಕೊನೆಗೆ ಫೈಲಿನಲ್ಲಿ ಆ ಭಾಗಕ್ಕೊಂದು ಹಾಳೆ ಸೇರಿಸಿ, ತಲೆಬರಹದಲ್ಲಿ ‘ಏನೂ ಇಲ್ಲ’ ಎಂದು ಬರೆದು, ಕೆಳಗೆ ಗೆರೆ ಎಳೆದರು.

ಕ್ರೀಟಿನ ಒಂದು ಸಣ್ಣ ಬಂದರಿನ ಆಫೀಸಿಗೆ ಅವರು ದಿನಾ ಮಧ್ಯಾಹ್ನ ಫೋನು ಮಾಡುತ್ತಿದ್ದರು. ಆ ಕಡೆ ಯಾರೂ ಎತ್ತುತ್ತಿರಲಿಲ್ಲ. ಎರಡು ತಿಂಗಳ ಮೇಲೆ ಒಮ್ಮೆ ಬೆಳಿಗ್ಗೆ ಮಾಡಿದಾಗ ಒಬ್ಬ ಮುದುಕ ಎತ್ತಿ, ಮಧ್ಯಾಹ್ನ ಎರಡರಿಂದ ಐದರ ತನಕ ತಾನು ಮಲಗುತ್ತೇನೆ ಎಂದನಂತೆ. ಬಂದರಿನವನು ಮಲಗಿದರೆ ದೋಣಿಗಳ ಗತಿ ಏನು ಎಂದು ಅಕ್ಕ ಇಡೀ ವಾರ ಕೊರಗಿದರು.

ವೀಸಾದ ಅರ್ಜಿಯದು ಇನ್ನೊಂದು ಪಾಡು. ಪ್ರತಿ ರಾತ್ರಿ ಎಲ್ಲಿ ತಂಗುತ್ತೀರಿ, ವಿಳಾಸ ಬರೆಯಿರಿ ಎಂದಿತ್ತು. ಅಕ್ಕ ಪ್ರಾಮಾಣಿಕವಾಗಿ ‘ಸಮುದ್ರ’ ಎಂದು ಬರೆದುಕೊಟ್ಟರು. ಕೌಂಟರಿನ ಹುಡುಗಿ ಪಿನ್ ಕೋಡ್ ಕೇಳಿದಳು.

ಸಾಹೇಬರು ಹೊಸ ಹಾಯಿ ಹೊಲಿಸುವುದಕ್ಕೆ ಹೊರಟಾಗ ಮಾತ್ರ ಅಕ್ಕ ತಮ್ಮ ಸ್ವಂತ ರಾಜ್ಯಕ್ಕೆ ಬಂದರು. ಹಾಯಿ ಎಂದರೆ ಬಟ್ಟೆಯೇ ತಾನೆ. ಟರ್ಕಿಯಿಂದ ಬಟ್ಟೆಯ ತುಂಡು ತರಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಕಿವಿಯ ಹತ್ತಿರ ಹಿಡಿದು ಜಗ್ಗಿ, “ಇದು ಮೂರು ಒಗೆತ ಬಾಳುವುದಿಲ್ಲ” ಎಂದು ವಾಪಸು ಕಳಿಸಿದರು. ಹಾಯಿಯನ್ನು ಯಾರೂ ಒಗೆಯುವುದಿಲ್ಲ ಎಂದು ಕಪ್ತಾನ ಫೋನಿನಲ್ಲಿ ಎಷ್ಟು ಬೇಡಿಕೊಂಡರೂ ಕೇಳಲಿಲ್ಲ. ಆಮೇಲೆ ಅವನೇ ಬಿಚ್ಚಿ ನೋಡಿದರೆ ಆ ಬಟ್ಟೆಯ ಥಾನು ನಿಜವಾಗಿಯೂ ಮಡಿಕೆಯಲ್ಲಿ ಪಿಸಿದಿತ್ತು. ಅಂದಿನಿಂದ ಅವನು ಅಕ್ಕನನ್ನು ಮೇಡಂ ಕಪ್ತಾನ್ ಎಂದು ಕರೆಯತೊಡಗಿದ.

ನಾನು ಈ ಕತೆಯಲ್ಲಿ ಸಿಕ್ಕಿಹಾಕಿಕೊಂಡದ್ದು ನನ್ನದೇ ತಪ್ಪಿನಿಂದ. ನಾನು ರಾಣೆಬೆನ್ನೂರಿನವನು, ಡೆಲಿವರಿ ವಿಭಾಗದವನು. ಕೆಲಸಕ್ಕೆ ಅರ್ಜಿ ಹಾಕುವಾಗ ಹವ್ಯಾಸಗಳು ಎಂಬಲ್ಲಿ ಎಲ್ಲರಂತೆ ಈಜು, ಓದು, ಅಂಚೆಚೀಟಿ ಸಂಗ್ರಹ ಎಂದು ಬರೆದಿದ್ದೆ. ಏಳು ವರ್ಷದ ಹಿಂದಿನ ಆ ಕಾಗದವನ್ನು ಅಕ್ಕ ಹೊರಗೆಳೆದು ನನ್ನ ಮುಂದಿಟ್ಟರು. ಇಡೀ ಕಂಪನಿಯಲ್ಲಿ ಈಜು ಬರೆದವನು ನೀನೊಬ್ಬನೇ ಎಂದರು. ಸುಳ್ಳು ಎಂದು ಒಪ್ಪಿಕೊಂಡರೆ ಉಳಿದದ್ದನ್ನೂ ತೆಗೆದು ನೋಡುತ್ತಾರೆಂಬ ಭಯಕ್ಕೆ ತಲೆಯಾಡಿಸಿದೆ. ದೋಣಿಯ ಕೈಕೆಲಸದವನು ನಾನಾದೆ.

ಹೊರಡುವ ಮೊದಲು ರಿಹರ್ಸಲ್ ಆಗಬೇಕು ಎಂದು ಅಕ್ಕ ಹಟ ಹಿಡಿದರು. ಒಂದು ಶುಕ್ರವಾರ ಬೆಳಿಗ್ಗೆ ಅಲ್ ಕೂಸಿನ ನಮ್ಮ ಗೋದಾಮಿಗೆ ಹೋದರೆ, ನೆಲದ ಮೇಲೆ ಪ್ಯಾಕಿಂಗ್ ಟೇಪಿನಲ್ಲಿ ದೋಣಿಯ ಆಕಾರ ಅಂಟಿಸಿಟ್ಟಿದ್ದರು. ಅಳತೆ ಪಕ್ಕಾ: ಹನ್ನೊಂದು ಮೀಟರು ಉದ್ದ, ಮೂರೂವರೆ ಅಗಲ, ಮೂತಿ ಚೂಪು. ಒಲೆಯ ಜಾಗದಲ್ಲಿ ಕೆಟಲ್ಲು, ಕಕ್ಕಸಿನ ಜಾಗದಲ್ಲಿ ಒಂದು ಖಾಲಿ ರಟ್ಟಿನ ಪೆಟ್ಟಿಗೆ, ಚುಕ್ಕಾಣಿಯ ಬದಲು ಟ್ರಾಲಿಯ ಹಿಡಿ. ಗೆರೆಯ ಆಚೆ ಸಮುದ್ರ, ಸಂಜೆಯ ತನಕ ಮೂವರೂ ಒಳಗೇ ಇರಬೇಕು, ಜಗಳವಾಡದೆ ಇದ್ದರೆ ಮಾತ್ರ ಟಿಕೆಟ್ಟು ಎಂದರು. ತಾವು ದೂರದಲ್ಲಿ ಮೇಜು ಹಾಕಿಕೊಂಡು ದಡವಾಗಿ ಕೂತರು.

ಮೊದಲ ಗಂಟೆ ಚೆನ್ನಾಗಿಯೇ ಹೋಯಿತು. ಸಾಹೇಬರು ಟ್ರಾಲಿ ಹಿಡಿದು ಬೆಡ್‌ಶೀಟಿನ ರಾಶಿಗಳನ್ನೇ ದ್ವೀಪಗಳೆಂಬಂತೆ ದಿಟ್ಟಿಸುತ್ತಿದ್ದರು. ಅಷ್ಟರಲ್ಲಿ ಭಾವನ ಮೊಬೈಲು ಬಡಿದುಕೊಂಡಿತು. ಗೋದಾಮಿನ ಒಳಗೆ ಸಿಗ್ನಲ್ಲು ಕಡಿಮೆ. ಅವರು ಹಲೋ ಹಲೋ ಎನ್ನುತ್ತ ಎದ್ದು ಬಾಗಿಲ ಕಡೆ ನಡೆದರು.

ಅಕ್ಕ ತಲೆ ಎತ್ತದೆ ಹೇಳಿದರು: “ಸಾಹೇಬ್ರೇ, ನಿಮ್ಮ ಭಾವ ನೀರಿಗೆ ಬಿದ್ದರು.”

ಸಾಹೇಬರು ಅವರನ್ನು ಕರೆಯಹೋದರು.

“ಕರೆದರೆ ಬರುವುದಿಲ್ಲ. ಮುಳುಗಿ ಆಯ್ತು.”

ಭಾವನಿಗೆ ಅವಮಾನವಾಯಿತು. ತಾನು ಮುಳುಗಿಲ್ಲ, ಶಾರ್ಜಾದ ಪಾರ್ಟಿಯ ಜೊತೆ ಮಾತಾಡುತ್ತಿದ್ದೇನೆ ಎಂದು ಸಮುದ್ರದ ಮಧ್ಯೆ ನಿಂತೇ ವಾದಿಸಿದರು. ಅದೇ ಹೊತ್ತಿಗೆ ಒಬ್ಬ ಕೊರಿಯರಿನವನು ಒಳಗೆ ಬಂದ. ನೀರಿನ ಮೇಲೆ ನೇರವಾಗಿ ನಡೆದು, ದೋಣಿ ಹತ್ತಿ, ಸಾಹೇಬರಿಂದ ಸಹಿ ಹಾಕಿಸಿಕೊಂಡು ಇನ್ನೊಂದು ಕಡೆಯಿಂದ ಇಳಿದು ಹೋದ. ಭಾವ ಅವನತ್ತ ಬೆರಳು ತೋರಿಸಿ ಇದು ಯಾವ ನ್ಯಾಯ ಎಂದು ಕೇಳಿದರು.

“ಅವನು ನಮ್ಮ ಪ್ಲಾನಿನಲ್ಲಿ ಇಲ್ಲ” ಎಂದರು ಅಕ್ಕ.

ಸಾಹೇಬರು ದೋಣಿಯನ್ನು ತಿರುಗಿಸಿ ಭಾವನನ್ನು ಮೇಲೆತ್ತಿಕೊಂಡ ಹಾಗೆ ಮಾಡಿ ಹೇಗೋ ರಾಜಿಯಾಯಿತು. ಆದರೆ ಹನ್ನೊಂದು ಗಂಟೆಗೆ ಖರ್ಜೂರದ ಡಬ್ಬಿ ಖಾಲಿಯಾದದ್ದು ಯಾರಿಂದ ಎಂದು ಮಾತು ಎದ್ದು, ಅದು ಬೆಳೆದು, ಮೂವತ್ತು ವರ್ಷದ ಹಿಂದೆ ಸಾಹೇಬರ ಮದುವೆಯಲ್ಲಿ ಬಿರಿಯಾನಿ ಸಾಲದೆ ಹೋದದ್ದು ಯಾರಿಂದ ಎಂಬಲ್ಲಿಗೆ ಮುಟ್ಟಿತು. ನಾನು ರಟ್ಟಿನ ಪೆಟ್ಟಿಗೆಯ ಹಿಂದೆ ಕೂತುಬಿಟ್ಟೆ. ಹನ್ನೆರಡೂವರೆಗೆ ಜುಮ್ಮಾ ನಮಾಜಿಗೆಂದು ಅಕ್ಕ ಮೊದಲೇ ಒಂದು ಬಂದರು ಇಟ್ಟಿದ್ದರು. ಇಬ್ಬರೂ ಅಲ್ಲಿ ಇಳಿದು ಹೋದರು. ನಮಾಜು ಮುಗಿಸಿ ಸಾಹೇಬರೊಬ್ಬರೇ ವಾಪಸು ಬಂದರು. ಅಕ್ಕ ಫೈಲಿನಲ್ಲಿ ‘ಸಿಬ್ಬಂದಿ ನಷ್ಟ: ಒಂದು’ ಎಂದು ಬರೆದುಕೊಂಡರು.

ಎರಡನೆಯ ರಿಹರ್ಸಲ್ ನಿಜವಾದ ನೀರಿನಲ್ಲಿ. ದುಬೈ ಮರೀನಾದಿಂದ ಅರ್ಧ ದಿನಕ್ಕೆ ಒಂದು ಹಾಯಿದೋಣಿಯನ್ನು ನಡೆಸುವವನ ಸಮೇತ ಬಾಡಿಗೆಗೆ ಹಿಡಿದೆವು. ಪ್ಲಾನಿನಲ್ಲಿ ಏನು ತಪ್ಪಿದೆ ನೋಡಲು ಅಕ್ಕನೂ ಹತ್ತಿದರು. ಕಲ್ಲಿನ ಒಡ್ಡು ದಾಟಿ ಅರ್ಧ ಗಂಟೆಯಲ್ಲಿ ಸಾಹೇಬರ ಮುಖ ಹಸಿರಾಯಿತು. ಆಮೇಲೆ ಅವರು ಮಲಗಿದ್ದಲ್ಲಿಂದ ಏಳಲಿಲ್ಲ. ನಾನು ಅವರ ಪಕ್ಕದಲ್ಲಿ ಮಲಗಿದ್ದೆ. ಮುಂದಿನ ಸ್ಟಾಪು ಎಲ್ಲಿ ಎಂದು ಸಾಹೇಬರು ಕ್ಷೀಣ ದನಿಯಲ್ಲಿ ಕೇಳಿದರು. ಅಕ್ಕ ವಾಚು ನೋಡಿ ಇನ್ನೂ ಮೂರು ಗಂಟೆ ಉಂಟು ಎಂದರು. ಅವರು ಸ್ವೆಟರಿನ ಗುಂಡಿ ಹಾಕಿಕೊಂಡು, ಒಂದು ಕಾಲು ಮಡಚಿ ಕೂತು ಚಕ್ಕುಲಿ ತಿನ್ನುತ್ತಿದ್ದರು. ದೋಣಿ ವಾಲಿದ ಕಡೆಗೆ ನಾವು ಉರುಳುತ್ತಿದ್ದೆವು, ಅವರು ಉರುಳುತ್ತಿರಲಿಲ್ಲ.

ಭಾನುವಾರ ಆಫೀಸು ತೆರೆದಾಗ ಸಾಹೇಬರು ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಪರಿಸ್ಥಿತಿ ನಿಜಕ್ಕೂ ಕಷ್ಟದ್ದಿತ್ತು. ದುಬೈಯಲ್ಲಿದ್ದ ಭಟ್ಕಳದ ಮನೆಗಳಿಗೆಲ್ಲ ಅವರ ಹೆಂಡತಿ ಸುದ್ದಿ ಮುಟ್ಟಿಸಿಯಾಗಿತ್ತು. ಊರಿನ ಹಿರಿಯರು ಪ್ರಯಾಣ ಸುಖವಾಗಲೆಂದು ದುವಾ ಮಾಡಿದ್ದರು. ವಾಟ್ಸಾಪ್ ಗುಂಪಿನಲ್ಲಿ ಸೋದರಳಿಯನೊಬ್ಬ ಅವರನ್ನು ಆಗಲೇ ನಾವಿಕ ಮಾಮ ಎಂದು ಕರೆಯುತ್ತಿದ್ದ. ಹೋಗದಿದ್ದರೆ ಮುಂದಿನ ಯಾವ ಮದುವೆಗೂ ಅವರು ತಲೆ ಎತ್ತಿಕೊಂಡು ಹೋಗುವಂತಿರಲಿಲ್ಲ. ಹೋದರೆ ಹೊಟ್ಟೆ ಕೇಳುವಂತಿರಲಿಲ್ಲ. ಅಕ್ಕ ಚಹಾದ ಕಪ್ಪು, ಫೈಲು ಎರಡನ್ನೂ ಹಿಡಿದು ಒಳಗೆ ಹೋದರು. ಹಿಂದೆಯೇ ನನ್ನನ್ನೂ ಕರೆದರು.

“ಖಲಾಸ್ ಅಕ್ಕ. ನನ್ನಿಂದ ಆಗೂದಿಲ್ಲ” ಎಂದರು ಸಾಹೇಬರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ನಿಮಗೆ ನೋಡಬೇಕಾದ್ದು ಊರುಗಳು ತಾನೆ?” ಎಂದರು ಅಕ್ಕ. “ಸ್ಟಾಪಿನಿಂದ ಸ್ಟಾಪಿಗೆ ನೀವು ವಿಮಾನದಲ್ಲಿ ಬನ್ನಿ. ನಡುವಿನದ್ದನ್ನು ನಾವು ನೋಡಿಕೊಳ್ಳುತ್ತೇವೆ.”

ಸಾಹೇಬರು ಕಪ್ಪು ಕೆಳಗಿಟ್ಟು, ನಾವು ಎಂದರೆ ಯಾರು ಎಂದು ಕೇಳಿದರು. ನಾನೂ ಅದನ್ನೇ ಕೇಳಬೇಕೆಂದಿದ್ದೆ. ಅಕ್ಕ ಫೈಲು ತೆರೆದು ಹೊಸ ಹಾಳೆ ತೋರಿಸಿದರು. ಕಪ್ತಾನ, ಅಡಿಗೆಗೆ ಕಪ್ತಾನನ ಹೆಂಡತಿ, ಈಜು ಬಲ್ಲ ನಾನು, ನಾಲ್ಕನೆಯ ಹೆಸರು ಅವರದ್ದೇ. ಹೆಸರಿನ ಮುಂದೆ ತಮ್ಮ ಉಳಿದ ರಜೆಯ ದಿನಗಳನ್ನೂ ಬರೆದಿದ್ದರು. ರಜೆ ಮೂರು ವಾರದ್ದಾದ್ದರಿಂದ ಪ್ರಯಾಣವನ್ನು ಸಿಸಿಲಿಗೇ ಕತ್ತರಿಸಿದ್ದರು. ಸಾಹೇಬರು ಆ ಹಾಳೆಯನ್ನು ಎರಡು ಸಲ ಓದಿ, ಟೋಪಿ ಒಂದು ಬೇಕಾಗುತ್ತದೆ ಎಂದರು.

ಸೆಪ್ಟೆಂಬರಿನಲ್ಲಿ ಟರ್ಕಿಯಿಂದ ಹೊರಟೆವು. ಕಪ್ತಾನ ಗಡ್ಡದ ಮನುಷ್ಯ, ಮಾತು ಕಡಿಮೆ. ಅವನ ಹೆಂಡತಿಗೆ ಇಂಗ್ಲಿಷು ಬಾರದು, ಅಕ್ಕನಿಗೆ ಟರ್ಕಿಷು ಬಾರದು. ಬದನೆಕಾಯಿ ಹುರಿಯುವ ವಿಷಯದಲ್ಲಿ ಇಬ್ಬರೂ ಮೊದಲ ದಿನವೇ ಜಗಳವಾಡಿ, ಎರಡನೆಯ ದಿನ ಅಕ್ಕತಂಗಿಯರಾದರು. ರೋಡ್ಸಿನ ಬಂದರಿನಲ್ಲಿ ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಂಗಾರದ ಪಟ್ಟಿಯ ಟೋಪಿ ಹಾಕಿಕೊಂಡು ನಿಂತಿದ್ದರು. ದೋಣಿಯನ್ನು ಭದ್ರವಾಗಿ ಕಟ್ಟಿದ ಮೇಲೆ ಹತ್ತಿ, ಚುಕ್ಕಾಣಿ ಹಿಡಿದು, ದೂರ ನೋಡುತ್ತ ಫೋಟೋ ತೆಗೆಸಿಕೊಂಡರು. ಹಿಂದೆ ಐಸ್‌ಕ್ರೀಂ ಅಂಗಡಿಯ ಬೋರ್ಡು ಬಾರದಂತೆ ನಾನು ಒಂದು ಟವೆಲ್ಲು ಅಡ್ಡ ಹಿಡಿಯಬೇಕಾಯಿತು. ಭಟ್ಕಳದಿಂದ ಮಾಷಾ ಅಲ್ಲಾಹ್‌ಗಳ ಮಳೆಯೇ ಸುರಿಯಿತು.

ಕ್ರೀಟಿನಲ್ಲಿ ಹಗ್ಗವೊಂದು ಪ್ರೊಪೆಲ್ಲರಿಗೆ ಸುತ್ತಿಕೊಂಡಿತು. ಕಪ್ತಾನ ನನ್ನ ಕಡೆ ನೋಡಿ ನೀರಿಗೆ ಬೆರಳು ತೋರಿಸಿದ. ನಾನು ಅಕ್ಕನ ಕಡೆ ನೋಡಿದೆ. ಊರ ಬಾವಿಯ ಮೆಟ್ಟಿಲ ಮೇಲೆ ಕೂತು ಕಾಲು ಆಡಿಸಿದ್ದರ ಹೊರತು ನನಗೆ ನೀರಿನ ಪರಿಚಯ ಇಲ್ಲವೆಂದು ಅಲ್ಲಿಯೇ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಒಳಗೆ ಹೋಗಿ ಫೈಲು ತಂದರು. ನನ್ನ ಹಳೆಯ ಅರ್ಜಿಯನ್ನೂ ಜೊತೆಯಲ್ಲೇ ಹೊತ್ತು ತಂದಿದ್ದರು. ಈಜು ಎಂಬುದರ ಮೇಲೆ ಗೆರೆ ಎಳೆದು, ಉಳಿದದ್ದರಲ್ಲಿ ನಿಜ ಯಾವುದು ಮಾರಾಯ ಎಂದು ಕೇಳಿದರು. ಓದು ನಿಜ ಎಂದೆ. ಅಂಚೆಚೀಟಿಯ ಮೇಲೂ ಗೆರೆ ಬಿತ್ತು. ಹಗ್ಗವನ್ನು ಕಪ್ತಾನನ ಹೆಂಡತಿ ಧುಮುಕಿ ಬಿಡಿಸಿದಳು.

ಅದೇ ಮಧ್ಯಾಹ್ನ ಅಕ್ಕ ಬಂದರಿನ ಆಫೀಸಿಗೆ ಹೊರಟರು. ಮುದುಕನಿಗೆ ಎರಡು ಮಾತು ಹೇಳಿಯೇ ಬರುತ್ತೇನೆ ಎಂದಿದ್ದರು. ಅವನು ಬೆಂಚಿನ ಮೇಲೆ ಬಾಯಿ ತೆರೆದು ಮಲಗಿದ್ದ. ಎಬ್ಬಿಸಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು ಕಾದರು. ಅಷ್ಟರಲ್ಲಿ ಫೋನು ಬಡಿದುಕೊಂಡಾಗ ಅವನ ನಿದ್ದೆ ಕೆಡಬಾರದೆಂದು ತಾವೇ ಎತ್ತಿ, ಐದು ಗಂಟೆಯ ಮೇಲೆ ಮಾಡಿ ಎಂದು ಇಂಗ್ಲಿಷಿನಲ್ಲಿ ಹೇಳಿ ಇಟ್ಟರು. ಅವನು ಎದ್ದಾಗ ನಮ್ಮ ಕಂಪನಿಯ ಒಂದು ಸೆಟ್ಟು ಟವೆಲ್ಲು ಕೊಟ್ಟು ಬಂದರು.

ಗ್ರೀಸಿನ ಕೊನೆಯ ಬಂದರು ಬಿಟ್ಟ ಮೇಲೆ ‘ಏನೂ ಇಲ್ಲ’ ಎಂಬ ಹಾಳೆ ಬಂತು. ಎರಡನೆಯ ದಿನ ಬೆಳಿಗ್ಗೆ ನಾನು ಮೇಲೆ ಬಂದಾಗ ಚುಕ್ಕಾಣಿ ಅಕ್ಕನ ಕೈಯಲ್ಲಿತ್ತು. ಕಪ್ತಾನ ಒಳಗೆ ನಿಶ್ಚಿಂತೆಯಿಂದ ಮಲಗಿದ್ದ. ಅಕ್ಕನ ಕನ್ನಡಕ ಮೂಗಿನ ಮೇಲೆಯೇ ಇತ್ತು, ಸ್ವೆಟರು ಗಾಳಿಗೆ ಉಬ್ಬಿತ್ತು. ದೋಣಿ ಒಂದು ಕಡೆಗೆ ವಾಲಿಕೊಂಡು ನೀರನ್ನು ಸೀಳುತ್ತ ಹೋಗುತ್ತಿತ್ತು. ಸುತ್ತ ಎಲ್ಲಿ ನೋಡಿದರೂ ಒಂದು ಊಟದ ಹೋಟೆಲಿಲ್ಲ, ಬಚ್ಚಲಿಲ್ಲ. ನಾನು ಹಗ್ಗ ಹಿಡಿದುಕೊಂಡು ಹತ್ತಿರ ಕೂತೆ. ಆಗ ಅವರು ತಮ್ಮ ಅಪ್ಪನ ವಿಷಯ ತೆಗೆದರು. ಏಳು ವರ್ಷದಲ್ಲಿ ಅದೇ ಮೊದಲು.

ಅಪ್ಪ ದೋಣಿಯವರು. ಎಂಜಿನ್ ಬರುವ ಮೊದಲು ಹಾಯಿ ಕಟ್ಟಿಯೇ ಮೀನಿಗೆ ಹೋದವರು. ಅಕ್ಕ ಬೆಳಗಾಗುವ ಮೊದಲೇ ತಾಯಿಯ ಜೊತೆ ಬುಟ್ಟಿ ಹಿಡಿದು ದಡದಲ್ಲಿ ನಿಲ್ಲುತ್ತಿದ್ದರು. ಅಣ್ಣಂದಿರು ಹತ್ತು ವರ್ಷಕ್ಕೇ ದೋಣಿ ಹತ್ತಿದರು. ಇವರು ಕೇಳಿದಾಗ, ಹೆಣ್ಣು ಹತ್ತಿದರೆ ಬಲೆಗೆ ಮೀನು ಬೀಳುವುದಿಲ್ಲ ಎಂದರಂತೆ ಅಪ್ಪ. ಮತ್ತೆ ಕೇಳಿದಾಗಲೂ ಅದನ್ನೇ ಹೇಳಿದರಂತೆ. ಮೂರನೆಯ ಸಲ ಇವರು ಕೇಳಲಿಲ್ಲ. ಟೈಪಿಂಗ್ ಕಲಿಯಲು ಹೋದರು.

ಇಷ್ಟು ಹೇಳಿ, ಅಳು ಗಿಳು ಏನೂ ಇಲ್ಲದೆ, ಚಕ್ಕುಲಿಯ ಡಬ್ಬಿ ಈ ಕಡೆ ಕೊಡು ಎಂದರು.

ಸಿಸಿಲಿಯ ಬಂದರಿಗೆ ಸೇರಿದಾಗ ಮಧ್ಯಾಹ್ನವಾಗಿತ್ತು. ಸಾಹೇಬರು ಟೋಪಿ ಹಾಕಿಕೊಂಡು ದಡದ ಮೇಲೆ ಸಿದ್ಧವಾಗಿದ್ದರು. ಬಿಸಿಲು ಇಳಿಯುವ ಮೊದಲು ಫೋಟೋ ಆಗಬೇಕೆಂದು ಅವಸರಪಡಿಸುತ್ತಿದ್ದರು. ಅಕ್ಕ ಅವರನ್ನು ಕೈಸನ್ನೆಯಿಂದ ತಡೆದು, ಮಲ್ಪೆಗೆ ಫೋನು ಹಚ್ಚಿದರು. ಅಪ್ಪನಿಗೆ ಕಿವಿ ಮಂದವಾದ್ದರಿಂದ ಸ್ಪೀಕರಿನಲ್ಲೇ ಮಾತು. ಇಷ್ಟು ವರ್ಷ ಇವರೊಡನೆ ಇದ್ದು ನನಗೂ ತುಳು ಅರ್ಥವಾಗುತ್ತಿತ್ತು. ತಾನು ಸಮುದ್ರದಲ್ಲಿ ಎರಡೂವರೆ ದಿನ ಹಾಯಿದೋಣಿಯಲ್ಲಿ ಬಂದೆ, ಒಂದಿಡೀ ಬೆಳಿಗ್ಗೆ ತಾನೇ ನಡೆಸಿದೆ ಎಂದು ಅಕ್ಕ ಗಟ್ಟಿಯಾಗಿ ಹೇಳಿದರು.

“ಮೀನ್ ತಿಕ್ಕ್‌ಂಡಾ?” ಎಂದಿತು ಮುದಿ ದನಿ. ಮೀನು ಸಿಕ್ಕಿತಾ ಎಂದು.

ಮೀನಿಗೆ ಹೋದದ್ದಲ್ಲ ಎಂದರು ಅಕ್ಕ.

ಮತ್ತೆ ಯಾಕೆ ಹೋದದ್ದು ಎಂದು ಆ ಕಡೆಯಿಂದ ಬಂತು. ಯಾವ ಪ್ರಶ್ನೆಗೂ ಫೈಲು ತೆರೆದು ಉತ್ತರ ಕೊಡುತ್ತಿದ್ದ ಅಕ್ಕ ಈಗ ಮಡಿಸಿಟ್ಟ ಹಾಯಿಯ ಕಡೆ ನೋಡಿದರು. ಸಾಹೇಬರೂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಗಾಳಿ ಒಳ್ಳೆಯದಿತ್ತು ಅಪ್ಪ” ಎಂದರು ಕೊನೆಗೆ.

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿತು.

“ಯಾವ ಗಾಳಿ?”

“ಬಡಗು. ಸ್ವಲ್ಪ ಪಡು ಸೇರಿದ್ದು.”

“ದೋಣಿ ಯಾವ ಕಡೆ ವಾಲಿತು?”

“ಎಡಕ್ಕೆ.”

“ನೀನು ಎಲ್ಲಿ ಕೂತದ್ದು?”

“ಬಲಕ್ಕೆ.”

“ಹಾಂ,” ಎಂದರು ಅಪ್ಪ, “ಅಲ್ಲಿಯೇ ಕೂರಬೇಕು.”